ಕೊಲೆ ಕೇಸು, ಲೈಸೆನ್ಸ್ ಇಲ್ಲದ ಪಿಸ್ತೂಲು: ಮೇಲ್ಮನವಿಯಲ್ಲಿ ಅಪರಾಧ ಸಾಬೀತು ಮಾಡುವುದು ಹೇಗೆ

ಸೆಷನ್ಸ್ ಕೋರ್ಟು ಆರೋಪಿಯನ್ನು ಬಿಟ್ಟ ದಿನ ಸತ್ತವನ ಅಣ್ಣನೋ ಹೆಂಡತಿಯೋ ವಕೀಲರ ಆಫೀಸಿಗೆ ಬಂದು ಕೂರುತ್ತಾರೆ. ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಹೈಕೋರ್ಟಿನಲ್ಲಿ ನಾವು ಮತ್ತೆ ಸಾಕ್ಷಿ ಹೇಳಬಹುದಲ್ವಾ?"

ಇಲ್ಲ, ಹೇಳೋಕಾಗಲ್ಲ. ಈ ಉತ್ತರ ಕೇಳಿ ಅವರ ಮುಖ ಬಾಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೇಲ್ಮನವಿ ಅಂದರೆ ಎರಡನೇ ಸಲ ನಡೆಯುವ ವಿಚಾರಣೆ ಅಲ್ಲ. ಕೆಳಗಿನ ಕೋರ್ಟಿನಲ್ಲಿ ಈಗಾಗಲೇ ಬರೆದುಕೊಂಡಿರುವ ಹೇಳಿಕೆ, ಪಂಚನಾಮೆ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯದ) ವರದಿ, ಇಷ್ಟರ ಒಳಗಿಂದಲೇ ಅಪರಾಧವನ್ನು ತೋರಿಸಬೇಕು. ಹೊಸದಾಗಿ ಸೇರಿಸುವುದು ತೀರಾ ಅಪರೂಪ. ಹಾಗಾಗಿ ಈ ಕೆಲಸದ ಮುಕ್ಕಾಲು ಪಾಲು ಓದುವುದೇ.

ಗುಂಡು ಹೊಡೆದು ಕೊಂದ ಕೇಸಿನಲ್ಲಿ, ಜೊತೆಗೆ ಲೈಸೆನ್ಸ್ ಇಲ್ಲದ ಬಂದೂಕಿನ ಆರೋಪವೂ ಇದ್ದಾಗ, ಆ ಓದನ್ನು ಹೇಗೆ ಮಾಡಬೇಕು ಅಂತ ಹೇಳುತ್ತೇನೆ. ಹೊಸದಾಗಿ ಕ್ರಿಮಿನಲ್ ಕಡೆಗೆ ಬಂದ ವಕೀಲರಿಗೆ ಇದು ಬೇಕು. ತಮ್ಮ ಮನೆಯ ಕೇಸು ಏನಾಗುತ್ತಿದೆ ಅಂತ ತಿಳಿಯದೆ ಒದ್ದಾಡುವ ಕುಟುಂಬಗಳಿಗೂ ಬೇಕು.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಹೆದ್ದಾರಿ ಪಕ್ಕ ಒಂದು ಡಾಬಾ, ರಾತ್ರಿ 10 ಗಂಟೆ. ಜಮೀನಿನ ಜಗಳ ಇದ್ದ ಒಬ್ಬ ಬಂದು ಇನ್ನೊಬ್ಬನ ಎದೆಗೆ ಗುಂಡು ಹೊಡೆದು ಓಡುತ್ತಾನೆ. ನೋಡಿದವರು ಇಬ್ಬರು, ಸತ್ತವನ ತಮ್ಮ ಮತ್ತು ಡಾಬಾದ ಅಡುಗೆಯವನು. ನೆಲದ ಮೇಲೆ ಒಂದು ಖಾಲಿ ಕಾಟ್ರಿಜ್ ಸಿಗುತ್ತದೆ. 4 ದಿನ ಆದ ಮೇಲೆ ಆರೋಪಿ ಸಿಕ್ಕುತ್ತಾನೆ, ಅವನು ತೋರಿಸಿದ ಹುಲ್ಲಿನ ಬಣವೆಯಿಂದ ಒಂದು ನಾಡ ಪಿಸ್ತೂಲು ಹೊರಗೆ ಬರುತ್ತದೆ. ವಿಚಾರಣೆಯಲ್ಲಿ ಅಡುಗೆಯವನು ಪ್ರತಿಕೂಲ ಸಾಕ್ಷಿಯಾಗುತ್ತಾನೆ, ಅಂದರೆ ಪೊಲೀಸರ ಮುಂದೆ ಹೇಳಿದ್ದಕ್ಕೆ ತಿರುಗಿಬೀಳುತ್ತಾನೆ. ಸೆಷನ್ಸ್ ಕೋರ್ಟು ಎರಡೂ ಆರೋಪದಿಂದ ಖುಲಾಸೆ ಮಾಡುತ್ತದೆ.

ಮೊದಲು ಬಾಗಿಲು ಯಾವುದು ನೋಡಿಕೊಳ್ಳಿ

ಖುಲಾಸೆಯ ವಿರುದ್ಧ ಸರ್ಕಾರ ಮೇಲ್ಮನವಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 378ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 419. ಇದಕ್ಕೆ ಹೈಕೋರ್ಟಿನ ಅನುಮತಿ ಬೇಕು, 90 ದಿನದ ಗಡುವು ಇದೆ.

ತುಂಬಾ ಕುಟುಂಬಗಳಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ. ಸರ್ಕಾರ ಹಾಕದಿದ್ದರೂ ನೊಂದವರೇ ಹಾಕಬಹುದು. 2009ರ ಡಿಸೆಂಬರ್ 31ರಿಂದ ಈ ಹಕ್ಕು ಬಂತು, ಈಗ ಹೊಸ ಸಂಹಿತೆಯ 413ನೇ ಕಲಮಿನಲ್ಲಿದೆ. ಸತ್ತವರ ಕಾನೂನುಬದ್ಧ ವಾರಸುದಾರರೂ "ನೊಂದವರು" ಅನ್ನುವುದರಲ್ಲಿ ಬರುತ್ತಾರೆ. ಇದಕ್ಕೆ ಹೈಕೋರ್ಟಿನ ಅನುಮತಿಯೂ ಬೇಕಿಲ್ಲ ಅಂತ ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಹೇಳಿತು, ಅದೂ ನಮ್ಮ ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ಸರ್ಕಾರ ಹಾಕುತ್ತದೆ ಅಂತ ಕಾದು ಕೂತು ದಿನ ಕಳೆಯಬೇಡಿ. ತೀರ್ಪಿನ ದೃಢೀಕೃತ ನಕಲಿಗೆ ಅವತ್ತೇ ಅರ್ಜಿ ಕೊಡಿ. ಸರ್ಕಾರದ 90 ದಿನವನ್ನೇ ನಿಮ್ಮ ಗಡುವು ಅಂದುಕೊಂಡು ಓಡಾಡಿ.

ಒಂದು ಮಿತಿ ಇದೆ. ಶಿಕ್ಷೆ ಕಡಿಮೆ ಆಯಿತು ಅಂತ ನೊಂದವರು ಈ ಕಲಮಿನಡಿ ಹೋಗಲಾಗುವುದಿಲ್ಲ, ಅದು ಸರ್ಕಾರದ ಕೆಲಸ. ಖುಲಾಸೆ, ಸಣ್ಣ ಅಪರಾಧಕ್ಕೆ ಇಳಿಸಿದ್ದು, ಪರಿಹಾರ ಸಾಲದ್ದು, ಈ ಮೂರಕ್ಕೆ ಮಾತ್ರ.

ಇನ್ನೊಂದು ಗುಂಡಿ ಇದೆ, ಅನುಭವ ಇದ್ದವರೂ ಇದರಲ್ಲಿ ಬೀಳುತ್ತಾರೆ. ಕೊಲೆಗೆ ಶಿಕ್ಷೆಯಾಗಿ, ಆಯುಧ ಕಾಯ್ದೆಯಡಿ ಮಾತ್ರ ಖುಲಾಸೆ ಆಗಿದೆ ಅಂದುಕೊಳ್ಳಿ. ಆರೋಪಿ ತನ್ನ ಶಿಕ್ಷೆಯ ವಿರುದ್ಧ ಮೇಲ್ಮನವಿ ಹಾಕುತ್ತಾನೆ. ಆಗ "ಹೇಗೂ ಕೇಸು ಹೈಕೋರ್ಟಿಗೆ ಬಂತಲ್ಲ, ಬಂದೂಕಿನ ವಿಷಯವನ್ನೂ ಅಲ್ಲೇ ಹೇಳೋಣ" ಅಂತ ಸುಮ್ನೆ ಕೂತರೆ ಕೆಟ್ಟಿರಿ. ಅವನ ಮೇಲ್ಮನವಿಯಲ್ಲಿ ಅವನ ಶಿಕ್ಷೆ ಹೆಚ್ಚಾಗುವುದಿಲ್ಲ, ಖುಲಾಸೆಯಾದ ಆರೋಪ ಮತ್ತೆ ಜೀವ ಪಡೆಯುವುದೂ ಇಲ್ಲ. ಆ ಭಾಗಕ್ಕೆ ಬೇರೆ ಮೇಲ್ಮನವಿಯೇ ಬೇಕು.

ಆರೋಪ ಎರಡು, ಸಾಬೀತು ಮಾಡುವ ಕೆಲಸವೂ ಎರಡು

ಕೊಲೆ 2024ರ ಜುಲೈ 1ಕ್ಕಿಂತ ಮುಂಚೆ ನಡೆದಿದ್ದರೆ ಭಾರತೀಯ ದಂಡ ಸಂಹಿತೆಯ 302, ಅವತ್ತಿನಿಂದ ಈಚೆಗೆ ನಡೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 103. ಲೆಕ್ಕಕ್ಕೆ ಬರುವುದು ಕೊಲೆ ನಡೆದ ದಿನ. ತೀರ್ಪಿನ ದಿನ ಅಲ್ಲ.

ಬಂದೂಕಿನ ಕಡೆಗೆ 1959ರ ಆಯುಧ ಕಾಯ್ದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ 3ನೇ ಕಲಮಿನ ಉಲ್ಲಂಘನೆ, ಶಿಕ್ಷೆ 25ನೇ ಕಲಮಿನ (1ಬಿ)(ಎ) ಅಡಿ. 2019ರ ಡಿಸೆಂಬರಿನಲ್ಲಿ ಬಂದ ತಿದ್ದುಪಡಿಯಿಂದ ಇದು ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಆಯಿತು. ಅದಕ್ಕೂ ಮುಂಚೆ 1ರಿಂದ 3 ವರ್ಷ ಇತ್ತು. ಬಳಸಿದರೆ 27ನೇ ಕಲಂ, 3ರಿಂದ 7 ವರ್ಷ. ಈ 27ಕ್ಕೆ 5ನೇ ಕಲಮಿನ ಉಲ್ಲಂಘನೆಯನ್ನು (ಲೈಸೆನ್ಸ್ ಇಲ್ಲದೆ ಬಳಸಿದ್ದನ್ನು) ಬೇರೆಯಾಗಿಯೇ ತೋರಿಸಬೇಕು. 2021ರಲ್ಲಿ ಚಂಡೀಗಢದ ಸುರೀಂದರ್ ಸಿಂಗ್ ಪ್ರಕರಣದಲ್ಲಿ, ಕಾನೂನುಬದ್ಧವಾಗಿ ತನ್ನ ಬಳಿ ಇದ್ದ ಬಂದೂಕಿನಿಂದ ಗುಂಡು ಹಾರಿಸಿದವನಿಗೆ ಕೊಲೆ ಯತ್ನದ ಶಿಕ್ಷೆ ಉಳಿಯಿತು, 27ನೇ ಕಲಮಿನ ಶಿಕ್ಷೆ ರದ್ದಾಯಿತು. ನಮ್ಮ ಡಾಬಾ ಕೇಸಿನಲ್ಲಿ ಲೈಸೆನ್ಸೇ ಇಲ್ಲ, ಹಾಗಾಗಿ ಆ ತೊಂದರೆ ಇಲ್ಲ.

ನನ್ನ ಮಟ್ಟಿಗೆ ಇಡೀ ಕೆಲಸದ ಬೀಗದಕೈ ಇಲ್ಲಿದೆ. ಬಂದೂಕು ಅವನ ಹತ್ತಿರ ಇತ್ತು ಅಂತ ಸಾಬೀತಾದ ಮಾತ್ರಕ್ಕೆ ಅವನೇ ಕೊಂದ ಅಂತ ಆಗುವುದಿಲ್ಲ. ಅವನೇ ಕೊಂದ ಅಂತ ಸಾಬೀತಾದರೂ, ಕೋರ್ಟಿನ ಮೇಜಿನ ಮೇಲಿರುವ ಈ ಪಿಸ್ತೂಲು ಅವನ ವಶದಲ್ಲಿತ್ತು ಅಂತ ತಾನಾಗಿ ಆಗುವುದಿಲ್ಲ. ಎರಡರ ನಡುವೆ ಒಂದು ಸೇತುವೆ ಬೇಕು. ಆ ಸೇತುವೆ ಅಂದರೆ ಡಾಬಾ ನೆಲದ ಆ ಖಾಲಿ ಕಾಟ್ರಿಜ್, ದೇಹದಿಂದ ತೆಗೆದ ಗುಂಡು, ಮತ್ತು ಇವೆರಡೂ ಇದೇ ಪಿಸ್ತೂಲಿಗೆ ಸೇರಿದ್ದು ಅನ್ನುವ ತಜ್ಞರ ಮಾತು. ಮೇಲ್ಮನವಿಯಲ್ಲಿ ಸೋಲುವ ಕೇಸುಗಳು ಜಾಸ್ತಿ ಬೀಳುವುದು ಈ ಸೇತುವೆಯಲ್ಲೇ.

ಪಿಸ್ತೂಲಿನ ದಾರಿಯನ್ನು ದಿನಾಂಕ ಹಾಕಿ ಬರೆಯಿರಿ

ಪೇಪರ್ ಬುಕ್ (ಕೆಳಗಿನ ಕೋರ್ಟಿನ ದಾಖಲೆಗಳ ಕಟ್ಟು) ಕೈಗೆ ಬಂದ ತಕ್ಷಣ ತೀರ್ಪು ಓದಬೇಡಿ. ಹೌದು, ಬೇಡ. ಮೊದಲು ತೀರ್ಪು ಓದಿದರೆ ನ್ಯಾಯಾಧೀಶರ ಕಣ್ಣಿನಿಂದಲೇ ಸಾಕ್ಷ್ಯವನ್ನು ನೋಡುವ ಅಭ್ಯಾಸ ಬಂದುಬಿಡುತ್ತದೆ. ಮೊದಲು ಒಂದು ಬಿಳಿ ಹಾಳೆ ತೆಗೆದುಕೊಂಡು ಪಿಸ್ತೂಲು, ಕಾಟ್ರಿಜ್, ಗುಂಡು, ಈ ಮೂರರ ಪ್ರಯಾಣ ಬರೆಯಿರಿ. ಯಾವ ದಿನ, ಎಲ್ಲಿ, ಯಾರು ಎತ್ತಿದರು. ಯಾವ ಪಂಚರ ಮುಂದೆ. ಯಾವ ಅಕ್ಷರದ ಸೀಲು ಹಾಕಿದರು. ಪಿ.ಎಫ್. (ಜಪ್ತಿ ವಸ್ತುವಿನ ನಮೂನೆ) ನಂಬರ್ ಏನು, ಠಾಣೆಯ ಮುದ್ದೆಮಾಲು (ಜಪ್ತಿಯಾದ ವಸ್ತು) ರಿಜಿಸ್ಟರಿನಲ್ಲಿ ಯಾವ ದಿನ ಬರೆದರು, ಯಾವ ಕಾನ್‌ಸ್ಟೇಬಲ್ ಯಾವ ದಿನ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ಗೆ ಒಯ್ದರು, ಅಲ್ಲಿ ತೆಗೆದುಕೊಂಡಾಗ ಸೀಲು ಹಾಗೇ ಇತ್ತು ಅಂತ ವರದಿಯಲ್ಲಿ ಬರೆದಿದ್ದಾರಾ, ಕೊನೆಗೆ ಕೋರ್ಟಿನಲ್ಲಿ ಯಾವ ಸಾಕ್ಷಿ ಅದನ್ನು ಕೈಯಲ್ಲಿ ಹಿಡಿದು ಗುರುತಿಸಿ ಮುದ್ದೆಮಾಲು ಅಂತ ನಂಬರ್ ಹಾಕಿಸಿದರು. ಪ್ರತಿ ಸಾಲಿನ ಮುಂದೆ ಆ ಮಾತು ಹೇಳಿದ ಸಾಕ್ಷಿಯ ನಂಬರ್ ಮತ್ತು ಪುಟ ಬರೆಯಿರಿ.

ಹಾಳೆಯಲ್ಲಿ ಎಲ್ಲಿ ಖಾಲಿ ಉಳಿಯಿತೋ ಅಲ್ಲೇ ಎದುರಿನ ವಕೀಲರು ಬೆರಳಿಡುತ್ತಾರೆ.

ಖಾಲಿ ಜಾಗ ಸಿಕ್ಕಿತು ಅಂತ ಎದೆಗುಂದಬೇಡಿ. ಪಿಸ್ತೂಲು ವಶಪಡಿಸಿಕೊಂಡು 20 ದಿನ ಠಾಣೆಯಲ್ಲೇ ಇತ್ತು ಅನ್ನೋಣ. ತಡ ಆಗಿದ್ದೇ ದೊಡ್ಡ ತಪ್ಪಲ್ಲ. ಆ 20 ದಿನ ಸೀಲು ಒಡೆದಿಲ್ಲ ಅಂತ ತೋರಿಸಲು ಏನಿದೆ? ರಿಜಿಸ್ಟರ್ ಇದೆಯಾ, ಒಯ್ದವರ ಸಾಕ್ಷ್ಯ ಇದೆಯಾ, ಎಫ್‌ಎಸ್‌ಎಲ್ ಬರೆದ ಸೀಲಿನ ಗುರುತು ಪಂಚನಾಮೆಯ ಗುರುತಿಗೆ ಹೊಂದುತ್ತದಾ? ಹೊಂದಿದರೆ ಅದನ್ನು ವಾದದಲ್ಲಿ ನೀವೇ ಮೊದಲು ಹೇಳಿ. ಎದುರಿನವರು ಎತ್ತಿ ತೋರಿಸುವ ತನಕ ಕಾಯಬೇಡಿ.

"ನಾನು ತೋರಿಸುತ್ತೇನೆ" ಅಂದ ಮಾತು

ನಮ್ಮ ಕೋರ್ಟುಗಳಲ್ಲಿ ಇದಕ್ಕೆ ಸ್ವಇಚ್ಛಾ ಹೇಳಿಕೆ ಅನ್ನುತ್ತಾರೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯ ಅಲ್ಲ. ಅದರಲ್ಲಿ ಒಂದು ತುಣುಕು ಮಾತ್ರ ಒಳಗೆ ಬರುತ್ತದೆ, ಆ ಮಾತಿನಿಂದ ಏನೋ ಒಂದು ವಸ್ತು ಸಿಕ್ಕಿದರೆ, ಆ ವಸ್ತುವಿಗೆ ನೇರವಾಗಿ ಸೇರಿದ ತುಣುಕು. ಹಳೆಯ ಸಾಕ್ಷ್ಯ ಕಾಯ್ದೆಯ 27ನೇ ಕಲಂ, ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಕಲಮಿನ ಒಳಗೆ ಸೇರಿದೆ. ಇದರ ಗೆರೆ ಎಲ್ಲಿ ಅಂತ ಹಾಕಿಕೊಟ್ಟಿದ್ದು 1946ರ ಪುಲುಕುರಿ ಕೊಟ್ಟಯ್ಯ ಪ್ರಕರಣದ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು) ತೀರ್ಪು, ಇವತ್ತಿಗೂ ಅದೇ ನಡೆಯುತ್ತಿದೆ.

ಅಂದರೆ, "ಬಣವೆಯಲ್ಲಿ ಮುಚ್ಚಿಟ್ಟ ಪಿಸ್ತೂಲನ್ನು ತೋರಿಸುತ್ತೇನೆ" ಅನ್ನುವುದು ಬರುತ್ತದೆ. "ಅದರಿಂದಲೇ ಅವನನ್ನು ಕೊಂದೆ" ಅನ್ನುವುದು ಬರುವುದಿಲ್ಲ. ನಿಮ್ಮ ಲಿಖಿತ ವಾದದಲ್ಲಿ ಎರಡನೇ ಸಾಲನ್ನು ಆಧಾರವಾಗಿ ಬರೆದರೆ ಪೀಠಕ್ಕೆ ನಿಮ್ಮ ಮೇಲಿನ ನಂಬಿಕೆಯೇ ಕಡಿಮೆಯಾಗುತ್ತದೆ.

2022ರಲ್ಲಿ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಪಂಚನಾಮೆ ಹೇಗಿರಬೇಕು ಅಂತ ಬಿಡಿಸಿ ಹೇಳಿದೆ. ಆರೋಪಿ ಆ ಮಾತು ಹೇಳುವ ಮುಂಚೆಯೇ ಪಂಚರನ್ನು ಠಾಣೆಗೆ ಕರೆಸಿರಬೇಕು. ಅವರ ಎದುರು ಅವನು ಆಡಿದ ಮಾತನ್ನು ಆದಷ್ಟೂ ಅವನ ಮಾತಿನಲ್ಲೇ ಬರೆಯಬೇಕು. ಆಮೇಲೆ ಎಲ್ಲರೂ ಹೊರಟು, ಸಿಕ್ಕಿದ್ದನ್ನು ಎರಡನೇ ಭಾಗದಲ್ಲಿ ಬರೆಯಬೇಕು. ನೀವು ನೋಡಬೇಕಾದ್ದು ಏನಂದರೆ, ತನಿಖಾಧಿಕಾರಿ ಕೋರ್ಟಿನಲ್ಲಿ ನಿಂತು ಆ ಮಾತುಗಳನ್ನು ಬಾಯಿಬಿಟ್ಟು ಹೇಳಿದ್ದಾರಾ, ಇಲ್ಲ "ಆರೋಪಿ ಸ್ವಇಚ್ಛಾ ಹೇಳಿಕೆ ಕೊಟ್ಟ, ಅದರಂತೆ ಪಿಸ್ತೂಲು ಜಪ್ತಿ ಮಾಡಿದೆ" ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದಾರಾ? ಎರಡನೆಯದಾದರೆ ಕಷ್ಟ ಇದೆ. ಆಗ ಪಂಚರ ಹೇಳಿಕೆಯನ್ನು ಸಾಲು ಸಾಲಾಗಿ ನೋಡಿ. ಪಂಚರು ತಿರುಗಿಬಿದ್ದಿದ್ದರೂ ತನಿಖಾಧಿಕಾರಿಯ ಮಾತು ನಂಬುವಂತಿದ್ದರೆ ಜಪ್ತಿ ನಿಲ್ಲಬಹುದು, ಆದರೆ ಆ ಮಾತು ವಿವರವಾಗಿ ಇರಬೇಕು.

ಬಣವೆ ಯಾರದ್ದು ಅನ್ನುವುದೂ ಮುಖ್ಯ. ಬಯಲಿನಲ್ಲಿ, ಯಾರು ಬೇಕಾದರೂ ಹೋಗಿಬರುವ ಜಾಗದಲ್ಲಿ ಸಿಕ್ಕರೆ "ಅವನ ವಶದಲ್ಲಿತ್ತು" ಅನ್ನುವುದು ಹೇಗೆ? 1972ರ ಗುನ್ವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಶ ಅಂದರೆ ಏನು ಅಂತ ಹೇಳಿದೆ. ಆಯುಧ ಮೈಮೇಲೇ ಇರಬೇಕಿಲ್ಲ, ಬೇರೆ ಕಡೆ ಇದ್ದರೂ ಅದರ ಮೇಲೆ ಹಿಡಿತ ಅವನದೇ ಆಗಿರಬಹುದು, ಆದರೆ ಅದು ಅಲ್ಲಿದೆ ಅನ್ನುವ ಅರಿವು ಅವನಿಗಿರಬೇಕು. ಹುಲ್ಲಿನೊಳಗೆ ಕಣ್ಣಿಗೆ ಕಾಣದ ಹಾಗೆ ಹುದುಗಿಸಿಟ್ಟದ್ದನ್ನು ನೇರವಾಗಿ ಹೋಗಿ ತೆಗೆದುಕೊಟ್ಟ ಅನ್ನುವುದೇ ಆ ಅರಿವಿಗೆ ಒಳ್ಳೆಯ ಸಾಕ್ಷಿ. ಜೊತೆಗೆ ಆ ಜಮೀನಿನ ಪಹಣಿ ಯಾರ ಹೆಸರಲ್ಲಿದೆ ಅಂತ ದಾಖಲೆ ಇದ್ದರೆ ಇನ್ನೂ ಗಟ್ಟಿ.

ಜಿಲ್ಲಾಧಿಕಾರಿಯ ಅನುಮತಿ: ಒಂದು ಹಾಳೆ, ಒಂದು ಆರೋಪ

ಆಯುಧ ಕಾಯ್ದೆಯ 39ನೇ ಕಲಂ ಪ್ರಕಾರ 3ನೇ ಕಲಮಿನ ಅಪರಾಧಕ್ಕೆ ಕೇಸು ನಡೆಸಲು ಜಿಲ್ಲಾ ಮ್ಯಾಜಿಸ್ಟ್ರೇಟರ (ಸಾಮಾನ್ಯವಾಗಿ ಜಿಲ್ಲಾಧಿಕಾರಿಯ) ಪೂರ್ವಾನುಮತಿ ಬೇಕೇ ಬೇಕು. ನಾನು ಓದಿದ ಒಂದು ಕಡತದಲ್ಲಿ ಅನುಮತಿ ಆದೇಶ ಪೊಲೀಸ್ ಫೈಲಿನಲ್ಲಿ ಅಚ್ಚುಕಟ್ಟಾಗಿ ಇತ್ತು. ಆದರೆ ವಿಚಾರಣೆಯಲ್ಲಿ ಅದನ್ನು ನಿಶಾನೆ ಮಾಡಿಸಿರಲಿಲ್ಲ, ಅಂದರೆ ಸಾಕ್ಷ್ಯವಾಗಿ ನಂಬರ್ ಹಾಕಿಸಿರಲಿಲ್ಲ. ಅಷ್ಟು ಚಿಕ್ಕ ಮರೆವಿಗೆ ಬಂದೂಕಿನ ಆರೋಪ ಪೂರ್ತಿ ಬಿದ್ದುಹೋಗಿತ್ತು. ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಇಂಥ ಕಡೆ ಹೆಚ್ಚುವರಿ ಸಾಕ್ಷ್ಯದ ಅರ್ಜಿಯ ಬಗ್ಗೆ ಯೋಚಿಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 391, ಹೊಸ ಸಂಹಿತೆಯ 432ನೇ ಕಲಂ. ಪ್ರಾಸಿಕ್ಯೂಷನ್ ಬಿಟ್ಟ ಬಿರುಕಿಗೆ ಮಣ್ಣು ಮೆತ್ತಲು ಇದನ್ನು ಕೊಡುವುದಿಲ್ಲ ಅಂತ ಕೋರ್ಟುಗಳು ಮತ್ತೆ ಮತ್ತೆ ಹೇಳುತ್ತವೆ. ಆದರೆ ದಾಖಲೆ ಆಗಲೇ ಇತ್ತು, ಅದರ ನಿಜ ಸುಳ್ಳಿನ ಬಗ್ಗೆ ಜಗಳ ಇಲ್ಲ, ನ್ಯಾಯ ತೀರ್ಮಾನಕ್ಕೆ ಅದು ಬೇಕು ಅಂತ ತೋರಿಸಿದರೆ ಕೇಳುವ ಕಿವಿ ಸಿಗಬಹುದು. ತಡಮಾಡದೆ, ಮೇಲ್ಮನವಿಯ ಜೊತೆಯಲ್ಲೇ ಹಾಕಿ.

ಅನುಮತಿ ಇಲ್ಲ ಅಂತ 25ನೇ ಕಲಂ ಬಿದ್ದರೆ ಕೊಲೆ ಆರೋಪ ಅದರ ಜೊತೆ ಬೀಳಬೇಕಿಲ್ಲ. ಎದುರಿನವರು "ಬಂದೂಕಿನಲ್ಲೇ ಖುಲಾಸೆ ಆದಮೇಲೆ ಕೊಲೆ ಎಲ್ಲಿಂದ?" ಅಂತ ಕೇಳುತ್ತಾರೆ. ಉತ್ತರ ಕೊಡುವ ಮುಂಚೆ ಖುಲಾಸೆಯ ಕಾರಣ ನೋಡಿ. ಅನುಮತಿಯ ಕೊರತೆಯಿಂದ ಬಿದ್ದಿದ್ದರೆ ಜಪ್ತಿಯನ್ನು ಯಾರೂ ಸುಳ್ಳು ಅಂದಿಲ್ಲ, ಅದು ಕೊಲೆಯ ಸಾಕ್ಷ್ಯವಾಗಿ ಉಳಿಯುತ್ತದೆ. ಜಪ್ತಿಯೇ ಸುಳ್ಳು ಅಂತ ಬಿದ್ದಿದ್ದರೆ ಆಗ ನಿಮಗೆ ಉಳಿಯುವುದು ಕಣ್ಣಾರೆ ಕಂಡವರು ಮಾತ್ರ.

ಕೊಡಗಿನ ಕೇಸಾದರೆ ಇನ್ನೊಂದು ಹೆಜ್ಜೆ. ಅಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೆಲವು ಬಗೆಯ ಬಂದೂಕಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹಾಗಾಗಿ "ಲೈಸೆನ್ಸ್ ತೋರಿಸಲಿಲ್ಲ" ಅನ್ನುವುದೊಂದೇ ಅಲ್ಲಿ ಸಾಲದು. ಆ ಬಂದೂಕು ವಿನಾಯಿತಿಯ ಒಳಗೆ ಬರುತ್ತದಾ, ಆ ವ್ಯಕ್ತಿ ಬರುತ್ತಾನಾ ಅಂತ ಮೊದಲು ನೋಡಿಕೊಳ್ಳಬೇಕು.

ಎಫ್‌ಎಸ್‌ಎಲ್ ವರದಿಯನ್ನು ಓದುವುದು

ವಕೀಲರು ವರದಿಯ ಕೊನೆಯ ಸಾಲು ಮಾತ್ರ ಓದುತ್ತಾರೆ. ದಯವಿಟ್ಟು ಪೂರ್ತಿ ಓದಿ.

ಮೂರು ವಿಷಯ ಅದರಲ್ಲಿ ಇರಬೇಕು. ಇದು ಗುಂಡು ಹಾರಿಸುವ ಆಯುಧ, ಕೆಲಸ ಮಾಡುವ ಸ್ಥಿತಿಯಲ್ಲಿದೆ ಅನ್ನುವುದು. ಪ್ರಯೋಗಾಲಯದಲ್ಲಿ ಅದರಿಂದಲೇ ಹಾರಿಸಿ ನೋಡಿದ್ದು. ಆ ಪ್ರಯೋಗದ ಕಾಟ್ರಿಜನ್ನು ಸ್ಥಳದಲ್ಲಿ ಸಿಕ್ಕ ಕಾಟ್ರಿಜ್ ಜೊತೆ ಕಂಪ್ಯಾರಿಸನ್ ಮೈಕ್ರೋಸ್ಕೋಪಿನಲ್ಲಿ ಇಟ್ಟು ಹೋಲಿಸಿದ್ದು. ಕಾಟ್ರಿಜ್ ಹಿಂಭಾಗಕ್ಕೆ ಪಿಸ್ತೂಲಿನ ಪಿನ್ನು ಬಡಿದಾಗ ಬೀಳುವ ಗುರುತು ಆಯುಧಕ್ಕೆ ಆಯುಧ ಬೇರೆ. ಕಾರ್ಖಾನೆಯ ಪಿಸ್ತೂಲಿನ ನಳಿಕೆಯೊಳಗೆ ಸುರುಳಿ ಗೆರೆ ಇರುತ್ತದೆ, ಅದು ಗುಂಡಿನ ಮೇಲೆ ಅಚ್ಚಾಗುತ್ತದೆ. ನಾಡ ಪಿಸ್ತೂಲಿನ ನಳಿಕೆ ಎಷ್ಟೋ ಸಲ ನುಣುಪಾದ ಕಬ್ಬಿಣದ ಪೈಪು. ಗುಂಡಿನ ಮೇಲೆ ಹೋಲಿಸಲು ಏನೂ ಸಿಗದೇ ಹೋಗಬಹುದು. ಆಗ ಪಿನ್ನಿನ ಗುರುತೇ ಆಧಾರ. ವರದಿ ಗುಂಡಿನ ಬಗ್ಗೆ "ಅಭಿಪ್ರಾಯ ಕೊಡಲಾಗದು" ಅಂದರೆ ಗಾಬರಿ ಬೇಡ, ಯಾಕೆ ಅಂತ ಪೀಠಕ್ಕೆ ಈ ಕಾರಣವನ್ನು ತಿಳಿಸಿ.

ಈಗ ನಮ್ಮ ಡಾಬಾಕ್ಕೆ ಬನ್ನಿ. ಒಂದೇ ಗುಂಡಿನ ನಾಡ ಪಿಸ್ತೂಲಿನಲ್ಲಿ ಖಾಲಿ ಕಾಟ್ರಿಜ್ ತಾನಾಗಿ ಹೊರಗೆ ಹಾರುವುದಿಲ್ಲ. ಕೈಯಿಂದ ತೆಗೆಯಬೇಕು. ರಿವಾಲ್ವರಿನಲ್ಲೂ ಹಾಗೇ, ಖಾಲಿ ಕಾಟ್ರಿಜ್ ಒಳಗೇ ಉಳಿಯುತ್ತದೆ. ಹಾಗಾದರೆ ನೆಲದ ಮೇಲೆ ಅದು ಹೇಗೆ ಬಂತು? ಈ ಪ್ರಶ್ನೆಯನ್ನು ಎದುರಿನವರು ಕೇಳದೆ ಬಿಡುವುದಿಲ್ಲ. ಸಾಕ್ಷ್ಯ ಮತ್ತೆ ಓದಿ. "ಹೊಡೆದ ಮೇಲೆ ಪಿಸ್ತೂಲನ್ನು ಮಡಚಿ ಇನ್ನೊಂದು ಗುಂಡು ಹಾಕಲು ಹೋದ, ಜನ ಕೂಗಿದ್ದಕ್ಕೆ ಓಡಿದ" ಅಂತ ತಮ್ಮ ಎಲ್ಲಾದರೂ ಹೇಳಿದ್ದಾನಾ? ಹೇಳಿದ್ದರೆ ಆ ಒಂದು ಸಾಲು ಇಡೀ ಕೇಸನ್ನು ಹಿಡಿದು ನಿಲ್ಲಿಸುತ್ತದೆ, ಯಾಕೆಂದರೆ ಆಯುಧದ ಯಂತ್ರವೇ ಅವನ ಮಾತಿಗೆ ಸಾಕ್ಷಿ ಹೇಳುತ್ತಿದೆ. ಹೇಳಿಲ್ಲದಿದ್ದರೆ, ಆ ಕಾಟ್ರಿಜ್ ಅಲ್ಲಿ ಆಮೇಲೆ ಇಡಲಾಗಿದೆ ಅನ್ನುವ ವಾದಕ್ಕೆ ಬಾಗಿಲು ತೆರೆದಿದೆ ಅಂತ ಪ್ರಾಮಾಣಿಕವಾಗಿ ಒಪ್ಪಿಕೊಂಡು ತಯಾರಾಗಿ. ದಿನಾಂಕದ ಹಾಳೆ ಇಲ್ಲೂ ಕೆಲಸಕ್ಕೆ ಬರುತ್ತದೆ. ಪಿಸ್ತೂಲು ಸಿಗುವ ಮುಂಚೆಯೇ ಕಾಟ್ರಿಜ್ ಸೀಲಾಗಿ ಎಫ್‌ಎಸ್‌ಎಲ್ ತಲುಪಿದ್ದರೆ, ಇಟ್ಟದ್ದು ಅನ್ನುವ ಮಾತು ನಿಲ್ಲುವುದೇ ಇಲ್ಲ.

ತಜ್ಞರ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪುಗಳು ಎರಡು ಕಡೆಗೂ ಇವೆ, ಎರಡನ್ನೂ ಓದಿಕೊಂಡೇ ಹೋಗಬೇಕು. 1950ರ ಮೊಹಿಂದರ್ ಸಿಂಗ್ ಪ್ರಕರಣದಲ್ಲಿ, ಈ ಗಾಯ ಈ ಆಯುಧದಿಂದ ಆಗಿದೆ ಅಂತ ತಜ್ಞರಿಂದ ತೋರಿಸುವುದು ಪ್ರಾಸಿಕ್ಯೂಷನ್ನಿನ ಹೊಣೆ ಅಂದರು. 1995ರ ಸುಖವಂತ್ ಸಿಂಗ್ ಪ್ರಕರಣದಲ್ಲಿ ಕಾಟ್ರಿಜ್ ಮತ್ತು ಪಿಸ್ತೂಲು ಎರಡೂ ಸಿಕ್ಕಿದ್ದರೂ ಹೋಲಿಕೆಗೆ ಕಳಿಸಲಿಲ್ಲ ಅನ್ನುವುದು ಕೇಸಿಗೆ ಏಟಾಯಿತು. ಆದರೆ 1963ರ ಗುರುಚರಣ್ ಸಿಂಗ್ ಪ್ರಕರಣದಲ್ಲಿ, ಕಂಡವರ ಮಾತು ನಂಬುವಂತಿದ್ದರೆ ತಜ್ಞರಿಲ್ಲ ಅಂತ ಕೇಸು ಬೀಳುತ್ತದೆ ಅನ್ನುವ ಕಟ್ಟುನಿಟ್ಟಿನ ನಿಯಮ ಇಲ್ಲ ಅಂದರು. 1958ರ ಕಲುವಾ ಪ್ರಕರಣ ನಮ್ಮಂಥ ಕೇಸಿಗೆ ತುಂಬಾ ಹತ್ತಿರ. ಸ್ಥಳದಲ್ಲಿ ಸಿಕ್ಕ ಕಾಟ್ರಿಜ್ ಆರೋಪಿ ತೋರಿಸಿದ ಪಿಸ್ತೂಲಿನಿಂದಲೇ ಹಾರಿದ್ದು ಅಂತ ತಜ್ಞರು ಹೇಳಿದ್ದು ಅಲ್ಲಿ ಕೊಲೆಯ ಶಿಕ್ಷೆಯನ್ನು ಹಿಡಿದು ನಿಲ್ಲಿಸಿತು.

ಪಿಸ್ತೂಲೇ ಸಿಗದಿದ್ದರೆ? ಜೆಸ್ಸಿಕಾ ಲಾಲ್ ಪ್ರಕರಣ ನೋಡಿ. 1999ರ ಏಪ್ರಿಲ್ 29-30ರ ನಡುವಿನ ರಾತ್ರಿ ದೆಹಲಿಯಲ್ಲಿ ಕೊಲೆ. .22 ಪಿಸ್ತೂಲು ಕೊನೆಗೂ ಸಿಗಲಿಲ್ಲ. ಮುಖ್ಯ ಸಾಕ್ಷಿಗಳು ತಿರುಗಿಬಿದ್ದರು. 2006ರ ಫೆಬ್ರವರಿಯಲ್ಲಿ ಎಲ್ಲರೂ ಖುಲಾಸೆ. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಮುಖ್ಯ ಆರೋಪಿ ಮನು ಶರ್ಮಾನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು, 2010ರ ಏಪ್ರಿಲ್ 19ರಂದು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅವನಿಗೆ .22 ಪಿಸ್ತೂಲಿನ ಲೈಸೆನ್ಸ್ ಇತ್ತು, ಆದರೆ ಪಿಸ್ತೂಲನ್ನು ತಂದು ತೋರಿಸಲಿಲ್ಲ. ಅವನ ಟಾಟಾ ಸಫಾರಿಯಲ್ಲಿ ಸಿಕ್ಕ ಜೀವಂತ ಗುಂಡಿನ ಮೇಲೂ ಸ್ಥಳದ ಖಾಲಿ ಕಾಟ್ರಿಜ್ ಮೇಲೂ ಒಂದೇ ಗುರುತು. ಹೊಸ ಸಾಕ್ಷಿ ಒಬ್ಬರೂ ಬರಲಿಲ್ಲ. ಅದೇ ಕಾಗದ, ಬೇರೆ ಓದು.

ಕಂಡವರ ಮಾತು

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಅಂತಾರಲ್ಲ, ಹೈಕೋರ್ಟಿನ ಪೀಠ ಮಾಡುವುದೂ ಅದನ್ನೇ. ನಮ್ಮ ಸಾಕ್ಷಿ ಸತ್ತವನ ತಮ್ಮ, ರಕ್ತಸಂಬಂಧಿ, ಅದೊಂದೇ ಕಾರಣಕ್ಕೆ ಅವನ ಮಾತನ್ನು ತಳ್ಳಿಹಾಕುವಂತಿಲ್ಲ. ಒಬ್ಬನೇ ಸಾಕ್ಷಿ ಅನ್ನುವುದೂ ಅಡ್ಡಿಯಲ್ಲ. 1957ರ ವಡಿವೇಲು ತೇವರ್ ಪ್ರಕರಣದಿಂದ ಈ ಮಾತು ಗಟ್ಟಿಯಾಗಿದೆ. ಲೆಕ್ಕಕ್ಕೆ ಬರುವುದು ಗುಣ, ತಲೆ ಎಣಿಕೆ ಅಲ್ಲ. ಆದರೆ ಒಬ್ಬನ ಮೇಲೆಯೇ ನಿಂತಾಗ ಅವನ ಮಾತು ಪೂರ್ತಿ ನಂಬುವಂತಿರಬೇಕು, ಇಲ್ಲವೇ ಬೇರೆ ಕಡೆಯಿಂದ ಬಲ ಸಿಗಬೇಕು.

ಬಲ ಎಲ್ಲಿಂದ? ಡಾಬಾದಲ್ಲಿ ಲೈಟ್ ಇತ್ತು ಅನ್ನುವುದು ಸ್ಥಳ ಪಂಚನಾಮೆಯಲ್ಲಿದೆಯಾ? ಎಷ್ಟು ದೂರದಿಂದ ನೋಡಿದ? ದೂರು ಎಷ್ಟು ಹೊತ್ತಿಗೆ ದಾಖಲಾಯಿತು, ಮ್ಯಾಜಿಸ್ಟ್ರೇಟರಿಗೆ ಎಫ್‌ಐಆರ್ ಎಷ್ಟು ಹೊತ್ತಿಗೆ ಮುಟ್ಟಿತು? ಅದರಲ್ಲಿ ಆರೋಪಿಯ ಹೆಸರೂ ಪಿಸ್ತೂಲಿನ ಮಾತೂ ಇದ್ದರೆ ಕಥೆ ಆಮೇಲೆ ಕಟ್ಟಿದ್ದಲ್ಲ ಅಂತ ಆಗುತ್ತದೆ. ಮರಣೋತ್ತರ ಪರೀಕ್ಷೆ ನೋಡಿ. ಗಾಯದ ಸುತ್ತ ಚರ್ಮ ಕಪ್ಪಾಗಿದ್ದರೆ, ಮದ್ದಿನ ಚುಕ್ಕೆ ಇದ್ದರೆ, ಹತ್ತಿರದಿಂದ ಹೊಡೆದದ್ದು. ತಮ್ಮ "20 ಅಡಿ ದೂರದಿಂದ ಹೊಡೆದ" ಅಂದಿದ್ದರೆ ಪಿಸ್ತೂಲಿನ ವಿಷಯದಲ್ಲಿ ಇದು ಕೂಡುವುದಿಲ್ಲ. ಕತ್ತಲಲ್ಲಿ, ಗಾಬರಿಯಲ್ಲಿ, ಹಳ್ಳಿಯವನೊಬ್ಬ ಹೇಳುವ ಅಡಿ ಲೆಕ್ಕ ಟೇಪು ಹಿಡಿದದ್ದಲ್ಲ ಅಂತ ವಾದಿಸಬಹುದು. 20 ಅಡಿ ಮತ್ತು 2 ಅಡಿ ನಡುವಿನ ವ್ಯತ್ಯಾಸವನ್ನು ಮಾತಿನಲ್ಲಿ ಮುಚ್ಚಲು ಮಾತ್ರ ಹೋಗಬೇಡಿ.

ತಿರುಗಿಬಿದ್ದ ಅಡುಗೆಯವನನ್ನು ಪೂರ್ತಿ ಬಿಸಾಕಬೇಡಿ. ಪ್ರತಿಕೂಲ ಸಾಕ್ಷಿಯ ಮಾತಿನಲ್ಲಿ ನಂಬುವಂಥ ಭಾಗ ಬಳಸಬಹುದು ಅಂತ 1976ರ ಭಗವಾನ್ ಸಿಂಗ್ ಪ್ರಕರಣದಿಂದಲೂ ಹೇಳುತ್ತಾ ಬಂದಿದ್ದಾರೆ. "ಯಾರು ಹೊಡೆದರು ನೋಡಲಿಲ್ಲ, ಆದರೆ ಒಂದು ಸದ್ದು ಕೇಳಿತು, ತಮ್ಮ ಅಲ್ಲೇ ಕೂಗುತ್ತಿದ್ದ" ಅಂತ ಅವನು ಹೇಳಿದ್ದರೆ, ತಮ್ಮ ಅಲ್ಲಿದ್ದ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಕಂಡವರು ಯಾರೂ ಉಳಿಯದೆ ಬರೀ ಸಾಂದರ್ಭಿಕ ಸಾಕ್ಷ್ಯವಾದರೆ 1984ರ ಶರದ್ ಸಾರ್ಡಾ ತೀರ್ಪಿನ ಐದು ಅಳತೆಗೋಲು. ಪ್ರತಿ ಕೊಂಡಿಯೂ ಸಾಬೀತಾಗಿರಬೇಕು, ಎಲ್ಲ ಸೇರಿ ಬೇರೆ ಯಾವ ವಿವರಣೆಗೂ ಜಾಗ ಬಿಡಬಾರದು. ಅದೇ ತೀರ್ಪು ಇನ್ನೊಂದನ್ನೂ ಹೇಳುತ್ತದೆ. ಆರೋಪಿಗೆ ಕೇಳದ ಸಂಗತಿಯನ್ನು ಅವನ ವಿರುದ್ಧ ಬಳಸುವಂತಿಲ್ಲ. ಹಾಗಾಗಿ ಹಳೆಯ ಪ್ರಕ್ರಿಯಾ ಸಂಹಿತೆಯ 313ನೇ ಕಲಮಿನ, ಈಗಿನ 351ರ, ಅಡಿ ಕೋರ್ಟು ತೆಗೆದುಕೊಂಡ ಆರೋಪಿಯ ಹೇಳಿಕೆ ತೆಗೆದು ನೋಡಿ. ಪಿಸ್ತೂಲು ಸಿಕ್ಕಿದ್ದು, ಎಫ್‌ಎಸ್‌ಎಲ್ ಹೋಲಿಕೆ, ಇವೆರಡನ್ನೂ ಅವನಿಗೆ ಬಿಡಿಬಿಡಿಯಾಗಿ ಕೇಳಿದ್ದಾರಾ? ಸಿಸಿಟಿವಿ ಇದ್ದರೆ ಅದರ ಪ್ರಮಾಣಪತ್ರ ಇದೆಯಾ ಅನ್ನುವುದನ್ನೂ ನೋಡಿ. 2020ರ ಅರ್ಜುನ್ ಪಂಡಿತರಾವ್ ತೀರ್ಪಿನ ನಂತರ ಮೂಲ ಸಾಧನ ಕೋರ್ಟಿಗೆ ಬರದಿದ್ದರೆ ಆ ಪತ್ರ ಇಲ್ಲದೆ ನಡೆಯುವುದಿಲ್ಲ.

ಕೊನೆಯಲ್ಲಿ ತೀರ್ಪು ಓದಿ

ಈಗ ಖುಲಾಸೆ ತೀರ್ಪನ್ನು ಕೈಗೆತ್ತಿಕೊಳ್ಳಿ. ಹೈಕೋರ್ಟಿಗೆ ಸಾಕ್ಷ್ಯವನ್ನು ಪೂರ್ತಿ ಮರಳಿ ತೂಗುವ ಅಧಿಕಾರ ಇದೆ. ಆದರೆ ಖುಲಾಸೆಯಾದವನ ಪರವಾಗಿ ನಿರಪರಾಧಿ ಅನ್ನುವ ಊಹೆ ಇಮ್ಮಡಿ. ಎರಡು ಅಭಿಪ್ರಾಯ ಸಾಧ್ಯ ಇದ್ದು ಕೆಳಗಿನ ಕೋರ್ಟು ಒಂದನ್ನು ಆರಿಸಿಕೊಂಡಿದ್ದರೆ ಅದನ್ನು ಮುಟ್ಟಬಾರದು. ಇವನ್ನೆಲ್ಲ ಕೂಡಿಸಿ ಹೇಳಿದ್ದು 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ. ಅಲ್ಲಿ ಏನಾಯಿತು ಗೊತ್ತಾ? ಸೆಷನ್ಸ್ ಕೋರ್ಟು ಬಿಟ್ಟಿತು, ನಮ್ಮ ಹೈಕೋರ್ಟು ಶಿಕ್ಷೆ ಕೊಟ್ಟಿತು, ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಸುಬ್ರಮಣ್ಯ ಪ್ರಕರಣದಲ್ಲೂ ಹಾಗೇ. 2024ರ ಮಲ್ಲಪ್ಪ ಪ್ರಕರಣದಲ್ಲೂ ಹಾಗೇ.

ಹಾಗಾಗಿ "ನಮ್ಮ ಓದೂ ಸಾಧ್ಯ" ಅಂದರೆ ಸಾಲದು. "ಸೆಷನ್ಸ್ ಕೋರ್ಟಿನ ಓದು ಈ ಕಾಗದದಿಂದ ಬರಲು ಸಾಧ್ಯವೇ ಇಲ್ಲ" ಅಂತ ತೋರಿಸಬೇಕು. ಅದಕ್ಕೆ ತೀರ್ಪಿನ ಪ್ರತಿ ಕಾರಣದ ಎದುರು ನಿಮ್ಮ ಹಾಳೆಯ ಒಂದು ಪುಟ ನಂಬರ್ ಇರಲಿ. "ತಮ್ಮ ಆ ಹೊತ್ತಿಗೆ ಅಲ್ಲಿದ್ದುದು ಅನುಮಾನ" ಅಂತ ಬರೆದಿದ್ದಾರಾ? ಅಡುಗೆಯವನ ಪಾಟಿ ಸವಾಲಿನ ಆ ಸಾಲನ್ನು ಅವರು ನೋಡೇ ಇಲ್ಲ ಅಂತ ತೋರಿಸಿ. "ಕಾಟ್ರಿಜ್ ಆಮೇಲೆ ಇಟ್ಟದ್ದು" ಅಂದಿದ್ದಾರಾ? ಎಫ್‌ಎಸ್‌ಎಲ್ ಸ್ವೀಕೃತಿಯ ದಿನಾಂಕ ಇಡಿ. ಹೀಗೆ ಎರಡು ಮೂರು ಮುಖ್ಯ ಕಾರಣ ಬಿದ್ದರೆ ಸಾಕು. ಸಣ್ಣಪುಟ್ಟ ಇಪ್ಪತ್ತು ತಪ್ಪು ಪಟ್ಟಿ ಮಾಡಿದರೆ ಮುಖ್ಯವಾದದ್ದು ಅದರಲ್ಲಿ ಮುಳುಗಿಹೋಗುತ್ತದೆ.

ಹಾಳೆ ಪೂರ್ತಿ ಮಾಡಿದ ಮೇಲೂ ಸೇತುವೆ ಸೇರದಿದ್ದರೆ ಕುಟುಂಬಕ್ಕೆ ಅದನ್ನು ಕೂರಿಸಿಕೊಂಡು ಹೇಳಿ. ಕಷ್ಟದ ಮಾತು. ಆದರೆ ಇನ್ನೂ ಐದಾರು ವರ್ಷ ಅವರನ್ನು ಆಸೆಯಲ್ಲಿ ಇಡುವುದು ಅದಕ್ಕಿಂತ ಕ್ರೂರ.

ಗೆದ್ದರೆ ಒಂದು ಕೆಲಸ ಉಳಿದಿರುತ್ತದೆ. ಖುಲಾಸೆಯನ್ನು ತಿರುಗಿಸಿ ಹೈಕೋರ್ಟು ಜೀವಾವಧಿ ಕೊಟ್ಟರೆ ಆರೋಪಿಗೆ ಸುಪ್ರೀಂ ಕೋರ್ಟಿಗೆ ಹೋಗುವುದು ಹಕ್ಕು, ಅನುಮತಿ ಕೇಳಬೇಕಿಲ್ಲ. ಅವನು ಹೋಗೇ ಹೋಗುತ್ತಾನೆ. ಆ ದಿನಾಂಕದ ಹಾಳೆ, ಪುಟ ನಂಬರಿನ ಟಿಪ್ಪಣಿ, ಲಿಖಿತ ವಾದ, ಮೂರರ ಪ್ರತಿಯನ್ನೂ ಕುಟುಂಬದ ಕೈಗೆ ಕೊಟ್ಟಿಡಿ. ದೆಹಲಿಯಲ್ಲಿ ನಿಲ್ಲುವ ವಕೀಲರಿಗೆ ಮೊದಲು ಬೇಕಾಗುವುದು ಅದೇ.